ಎಡಗೈಯ ಕಮಾನು

ನಾಲತವಾಡದ ಗುಡುಸಾಬನಿಗೆ ಸಾರಂಗಿ ಬಿಟ್ಟು ಬೇರೆ ಏನೂ ಬೇಕಿರಲಿಲ್ಲ. ಜನರಿಗೆ ಮಾತ್ರ ಸಾರಂಗಿ ಬೇಡವಾಗಿತ್ತು; ಸ್ವಾತಂತ್ರ್ಯ ಬಂದ ಮೇಲೆ ಊರೂರಿಗೂ ಹಾರ್ಮೋನಿಯಂ ಬಂದು ಕೂತಿತ್ತು. ತನ್ನ ಹಿಂದೆ ಈ ವಾದ್ಯ ಹಿಡಿಯುವ ಒಂದು ಕೈಯಾದರೂ ಉಳಿಯಲಿ ಎಂದು ಸಂಜೆ ಓಣಿಯ ಮಕ್ಕಳನ್ನು ಕೂಡಿಸಿ ಪುಕ್ಕಟೆ ಕಲಿಸುತ್ತಿದ್ದ. ಮಕ್ಕಳು ಬರುತ್ತಿದ್ದದ್ದು ಅವನ ಹೆಂಡತಿ ಗೌಸಬಿ ಕೊಡುವ ಶೇಂಗಾ-ಬೆಲ್ಲಕ್ಕೆ.

ಭಜನೆಯ ಗುರಲಿಂಗಪ್ಪನ ಮಗಳು ರೇಣವ್ವ ಮಾತ್ರ ಬೆಲ್ಲದ ಕಡೆ ನೋಡುತ್ತಿರಲಿಲ್ಲ. ಒಂದು ಸಂಜೆ ಗುಡುಸಾಬ ನಮಾಜು ಮುಗಿಸಿ ಬರುವಾಗ ಒಳಗಿಂದ ಬಂದ ಸ್ವರ ಕೇಳಿ ಬಾಗಿಲಲ್ಲೇ ನಿಂತ. ತೀರಿಹೋದ ತನ್ನ ಉಸ್ತಾದನೇ ಬಂದು ಕೂತನೇನೋ ಅನ್ನಿಸಿತು. ಇಣುಕಿದರೆ ರೇಣವ್ವ. ತಂತಿಯ ಮೇಲೆ ಎಳೆಯುವ ಕಮಾನು ಅವಳ ಎಡಗೈಯಲ್ಲಿತ್ತು.

ಕುಣಿದಾಡಬೇಕಾದವನು ಸಿಟ್ಟಿಗೆದ್ದ. ಊಟ, ದಾನ, ಸಲಾಮು ಎಲ್ಲ ಬಲಗೈಯವು; ಎಡಗೈಯ ಕೆಲಸ ಯಾವುದೆಂದು ಯಾರಿಗೆ ಗೊತ್ತಿಲ್ಲ? ಅಂಥ ಕೈಯಲ್ಲಿ ಉಸ್ತಾದನ ಕಮಾನು!

"ಎಡಗೈಲೆ ಹಿಡದ್ರ ವಾದ್ಯಕ್ಕ ಅಪಮಾನ ಆಕೈತಿ," ಎಂದು ಆ ಕೈಯನ್ನು ತನ್ನ ರುಮಾಲಿನಿಂದ ಅವಳ ನಡುವಿಗೆ ಕಟ್ಟಿದ. ಅಂದಿನಿಂದ ದಿನಾ ಬಲಗೈಯಲ್ಲಿ ಬರೀ ಕಮಾನು ಎಳೆಸಿದ. ಹುಡುಗಿ ಅಳಲಿಲ್ಲ, ಹೇಳಿದಂತೆ ಎಳೆದಳು. ತಂತಿ ಕಿರುಗುಟ್ಟಿತೇ ಹೊರತು ಆ ಸ್ವರ ಮತ್ತೆ ಬರಲಿಲ್ಲ. ಸ್ವಲ್ಪ ದಿನಕ್ಕೆ ಅವಳೂ ಬರುವುದು ಬಿಟ್ಟಳು. ಕರೆದುಕೊಂಡು ಬಾ ಎಂದು ಗೌಸಬಿ ಗೋಗರೆದರೂ, ಗುರು ಶಿಷ್ಯೆಯ ಮನೆಗೆ ಹೋಗುವುದುಂಟೇ ಎಂದು ಮೀಸೆ ತಿರುವಿದ ಪುಣ್ಯಾತ್ಮ.

ವರ್ಷಗಳು ಉರುಳಿದವು. ಗೌಸಬಿ ತೀರಿಕೊಂಡಳು, ಕಲಿಯಲು ಬರುತ್ತಿದ್ದ ಉಳಿದ ಮಕ್ಕಳೂ ಚದುರಿದರು. ಗುಡುಸಾಬನ ಬಲಗೈಯೇ ನಡುಗತೊಡಗಿದಾಗ ಆ ಸಂಜೆಯ ಸ್ವರ ಕಿವಿಯೊಳಗೆ ಕೂತು ಅವನನ್ನು ಸುಡತೊಡಗಿತು. ಕೊನೆಗೆ ಸಾರಂಗಿಯ ತಂತಿಗಳನ್ನು ಬಿಚ್ಚಿ, ಎಡಗೈಯವರಿಗೆ ಒಗ್ಗುವಂತೆ ಅದಲುಬದಲು ಮಾಡಿ ಬಿಗಿದು, ಬಸವನ ಬಾಗೇವಾಡಿಯ ಬಸ್ಸು ಹತ್ತಿದ. ರೇಣವ್ವನನ್ನು ಕೊಟ್ಟದ್ದು ಅಲ್ಲಿಗೇ.

ಅವಳು ಸೆರಗು ಸರಿ ಮಾಡಿಕೊಂಡು ಚಹಾ ಕೊಟ್ಟಳು.

"ಅವತ್ತ ನಂದ ತಪ್ಪಾತವ್ವಾ. ನಿನ್ನ ಕೈಗೆ ತಕ್ಕಂಗ ಮಾಡಿ ತಂದೇನಿ. ಒಮ್ಮೆ ನುಡಸು."

ರೇಣವ್ವ ತನ್ನ ಎಡಗೈಯನ್ನು ಯಾರದೋ ಕೈ ಎಂಬಂತೆ ನೋಡಿಕೊಂಡಳು. ಅದೆಲ್ಲ ಮರೆತೇ ಹೋಗಿದೆ ಎಂದು ನಕ್ಕಳು.

ಅಷ್ಟರಲ್ಲಿ ಅವಳ ಪುಟ್ಟ ಮಗಳು ಬಂದು ಕಮಾನು ಎತ್ತಿಕೊಂಡಳು, ಎಡಗೈಯಲ್ಲಿ. ತಂತಿಯ ಮೇಲೆ ಎಳೆದಳು. ಗುಡುಸಾಬ ಚಹಾ ಕೆಳಗಿಟ್ಟು ಮುಂದಕ್ಕೆ ಬಾಗಿದ.

ರೇಣವ್ವ ಆ ಕೈಗೆ ಪಟ್ಟನೆ ಒಂದು ಕೊಟ್ಟಳು.

"ಎಡಗೈಲೆ ಹಿಡದ್ರ ವಾದ್ಯಕ್ಕ ಅಪಮಾನ ಆಕೈತಿ," ಎಂದು ಮಗಳಿಗೆ ಹೇಳಿ, ಇವನ ಕಡೆ ತಿರುಗಿದಳು. "ಹೌದಲ್ರೀ, ಕಾಕಾ?"

ಅಲ್ಲ ಎನ್ನಲು ಗುಡುಸಾಬ ಬಾಯಿ ತೆರೆದ. ಅಷ್ಟರಲ್ಲೇ ಮಗು ಕಮಾನು ಕೆಳಗಿಟ್ಟು ಅಂಗಳಕ್ಕೆ ಓಡಿಹೋಗಿತ್ತು.