ಗೆಲ್ಲೋವರೆಗೂ ಟಾಯ್ಲೆಟ್ಟಲ್ಲೇ ಇರಿ

ನಮ್ಮ ಪೊಸ್ಪಿಶಿಲ್ ಮನೆತನದಲ್ಲಿ ಮಕ್ಕಳ ಹಣೆಬರಹ ಬರೆಯುವುದು ದೇವರಲ್ಲ, ಅವರು ನೋಡಿದ ಮೊದಲ ಕಾಲೇಜು ಫುಟ್ಬಾಲ್ ಮ್ಯಾಚು. ಆ ದಿನ ನಮ್ಮ ಪ್ಲೋಮೆನ್ ತಂಡ ಗೆದ್ದರೆ ಮಗುವಿನ ಟಿಕೆಟ್ಟಿಗೆ ಕಟ್ಟು ಹಾಕಿಸಿ ತಾತನ ನೆಲಮಾಳಿಗೆಯ ಗೋಡೆಗೆ ನೇತುಹಾಕುತ್ತಾರೆ. ಸೋತರೆ ಮಗು ಅಪಶಕುನ. ಗೋಡೆಯ ಮೇಲೆ ಹನ್ನೊಂದು ಟಿಕೆಟ್ಟುಗಳಿವೆ. ಹನ್ನೆರಡನೆಯದು ಅಲ್ಲೇ ಪಕ್ಕದ ಟಾಯ್ಲೆಟ್ಟಿನ ಬಾಗಿಲ ಹಿಂದೆ, ತಲೆಕೆಳಗಾಗಿ, ಟೇಪಿನಲ್ಲಿ ಅಂಟಿಕೊಂಡಿದೆ. ಅದು ನನ್ನದು.

ಆಗ ನನಗೆ ಆರು ವರ್ಷ. ಇನ್ನು ನಾಲ್ಕು ಸೆಕೆಂಡು ಇದೆ ಎನ್ನುವಾಗ ನಮ್ಮ ಹುಡುಗನೊಬ್ಬ ಒದ್ದ ಚೆಂಡು ಗೋಲುಕಂಬಗಳ ಹೊರಗೆ ಹೋಗಿ ನಾವು ಸೋತೆವು. ಅವನನ್ನು ಯಾರೂ ಬೈಯಲಿಲ್ಲ. ನಮ್ಮ ಇಡೀ ಸಾಲು ತಿರುಗಿ ನನ್ನನ್ನು ನೋಡಿತು. ಅಂದಿನಿಂದ ಹದಿಮೂರು ವರ್ಷ, ಪ್ರತಿ ಮ್ಯಾಚಿಗೂ ನನ್ನ ಜಾಗ ಪಾರ್ಕಿಂಗ್ ಮೈದಾನ. ಎಲ್ಲರೂ ಒಳಗೆ ಹೋದ ಮೇಲೆ ತಾತನ ಪಿಕಪ್ ಟ್ರಕ್ಕಿನ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು, ಮಾಂಸ ಮತ್ತು ಬೀನ್ಸಿನ ಚಿಲ್ಲಿ ತಳ ಹಿಡಿಯದಂತೆ ಕದಡುತ್ತ ಕೂರುವುದು.

ತಮಾಷೆಯೆಂದರೆ ಈ ತಂಡದ ಯೂನಿವರ್ಸಿಟಿಯಲ್ಲಿ ಓದಲು ಸೀಟು ಸಿಕ್ಕ ಮೊದಲ ಪೊಸ್ಪಿಶಿಲ್ ನಾನೇ. ತಾತ ಲೀಲ್ಯಾಂಡ್ ತೋಳಿನ ಮೇಲೆ, ಪ್ಲೋಮೆನ್ ಎಂದರೆ ಉಳುವವರಲ್ಲವೇ, ತಂಡದ ಗುರುತಾದ ನೇಗಿಲನ್ನು ಹಚ್ಚೆ ಹಾಕಿಸಿಕೊಂಡಿದ್ದಾನೆ. ಅಣ್ಣ ಕರ್ಟಿಸ್ ತನ್ನ ನಾಯಿಗೂ ತಂಡದ ಸಾಸಿವೆ ಸಾಸಿನ ಹಳದಿ ಬಣ್ಣದ ಜರ್ಸಿ ತೊಡಿಸುತ್ತಾನೆ. ಆದರೆ ಅಲ್ಲಿ ಪಾಠವೂ ನಡೆಯುತ್ತದೆ ಎನ್ನುವ ವಿಷಯ ಇಬ್ಬರಿಗೂ ಅಷ್ಟು ಖಚಿತವಿಲ್ಲ. ನನಗೆ ಸೀಟು ಸಿಕ್ಕ ಪತ್ರ ಬಂದಾಗ ತಾತ ಕೇಳಿದ್ದು ಒಂದೇ ಪ್ರಶ್ನೆ: "ಪಾರ್ಕಿಂಗ್ ಪಾಸ್ ಕೊಡ್ತಾರಾ?"

ಈ ವರ್ಷ ಸರದಿ ಅಣ್ಣನ ಮಗಳು ಬರ್ಡಿಯದು. ಐದು ವರ್ಷ. ಮುಂದಿನ ಒಂದು ಹಲ್ಲು ಅಲ್ಲಾಡುತ್ತಿದೆ, ಉಳಿದದ್ದೆಲ್ಲ ಗಟ್ಟಿ. ಅವಳಿಗಾಗಿ ತಾತ ಆರಿಸಿದ್ದು ಸೇಂಟ್ ಒಡೀಲ್ ಎಂಬ ಪುಟ್ಟ ಕಾಲೇಜಿನ ವಿರುದ್ಧದ ಮ್ಯಾಚು. ದೊಡ್ಡ ಕಾಲೇಜುಗಳು ವರ್ಷಕ್ಕೊಮ್ಮೆ ಇಂಥವರನ್ನು ಹಣ ಕೊಟ್ಟು ಕರೆಸುತ್ತವೆ. ಅವರು ಬರುತ್ತಾರೆ, ಅರವತ್ತು ಅಂಕದಿಂದ ಸೋಲುತ್ತಾರೆ, ಥ್ಯಾಂಕ್ಸ್ ಹೇಳಿ ಬಸ್ಸು ಹತ್ತುತ್ತಾರೆ. ಮಗುವಿಗೆ ಈ ಲಸಿಕೆ ಹಾಕಿಸಲು ಇದಕ್ಕಿಂತ ಸುರಕ್ಷಿತ ದಿನವಿಲ್ಲ ಎಂಬುದು ತಾತನ ಲೆಕ್ಕ.

ಶನಿವಾರ ಬೆಳಗ್ಗೆ ಒಂಬತ್ತಕ್ಕೇ ಪಾರ್ಕಿಂಗಿನಲ್ಲಿ ಒಲೆ ಹೊತ್ತಿತ್ತು. ಆಟ ಇದ್ದದ್ದು ಮಧ್ಯಾಹ್ನ ಒಂದಕ್ಕೆ. ಹನ್ನೊಂದಕ್ಕೆ ಅತ್ತಿಗೆ ಜನೆಲ್ ಫೋನು ಮಾಡಿ, ಆಸ್ಪತ್ರೆಯಲ್ಲಿ ಇನ್ನೊಬ್ಬ ನರ್ಸು ಬಂದಿಲ್ಲ, ತಾನು ಬರಲಾಗುವುದಿಲ್ಲ ಎಂದಳು.

ಅಣ್ಣನ ಮುಖ ಬಿಳುಚಿತು. "ಮತ್ತೆ ಬರ್ಡೀನ ಟಾಯ್ಲೆಟ್ಟಿಗೆ ಕರ್ಕೊಂಡು ಹೋಗೋರು ಯಾರು?"

"ನೀನು ಅವಳಪ್ಪ ಅಲ್ವೇನೋ?" ಎಂದೆ.

"ಮ್ಯಾಚ್ ಮಧ್ಯದಲ್ಲಾ?"

ಬರ್ಡಿ ಹುಟ್ಟುವ ಹೊತ್ತಿನಲ್ಲಿ ಸ್ಕೋರು ನೋಡಲು ಹೆರಿಗೆ ಕೋಣೆಯಿಂದ ಎರಡು ಸಲ ಹೊರಗೆ ಹೋಗಿದ್ದವನು ಇವನೇ.

"ಮಾರ್ನಿ ಅತ್ತೆ ಬರ್ಲಿ," ಎಂದಳು ಬರ್ಡಿ.

ಟ್ರಕ್ಕಿನ ಸುತ್ತ ಇದ್ದವರ ಬಾಯಲ್ಲಿ ಸಾಸೇಜು ಹಾಗೇ ನಿಂತಿತು. ತಾತ ಟೋಪಿ ತೆಗೆದು, ನೆತ್ತಿ ಕೆರೆದುಕೊಂಡು, ಬಹಳ ಹೊತ್ತು ಯೋಚಿಸಿದ. ಮದುವೆ ಮಾಡಿಕೊಳ್ಳುವಾಗಲೂ ಇಷ್ಟು ಯೋಚಿಸಿರಲಿಲ್ಲ ಎಂದು ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದಳು.

"ನೋಡು ಮಾರ್ನಿ. ಆಟ ಶುರುವಾದ್ಮೇಲೆ ಒಳಗೆ ಬಾ. ಆಗ ನೀನು ಬಂದಂಗೆ ಲೆಕ್ಕ ಇಲ್ಲ. ನಮ್ಮೋರು ಚೆಂಡು ಒದೆಯೋವಾಗ ಕಣ್ಣು ಮುಚ್ಕೋ. 'ಗೆಲ್ತೀವಿ' ಅಂತ ಬಾಯಲ್ಲಿ ಬರ್ಬಾರ್ದು."

"ಉಸಿರಾಡ್ಬಹುದಾ ತಾತ?"

"ಸ್ವಲ್ಪ."

ನನಗೆ ನಗು ಬಂತು. ಆದರೆ ಇವತ್ತೇನಾದರೂ ಎಡವಟ್ಟಾದರೆ ಟಾಯ್ಲೆಟ್ಟಿನ ಬಾಗಿಲ ಹಿಂದೆ ನನ್ನ ಪಕ್ಕ ಬರ್ಡಿಯ ಟಿಕೆಟ್ಟೂ ಅಂಟುತ್ತದೆ. ನಾನು ಹೇಗೋ ಚಿಲ್ಲಿ ಕದಡಿಕೊಂಡು ದೊಡ್ಡವಳಾದೆ. ಇವಳಿಗೆ ಇನ್ನೂ ಪಾತ್ರೆಯೇ ಎಟುಕುವುದಿಲ್ಲ.

ಆಟ ಶುರುವಾಗಿ ಐದು ನಿಮಿಷಕ್ಕೆ ಅತ್ತಿಗೆಯ ಟಿಕೆಟ್ಟಿನಲ್ಲಿ ಒಳಗೆ ಹೋಗಿ ಬರ್ಡಿಯ ಪಕ್ಕ ಕೂತೆ. ಸುತ್ತ ಎಂಬತ್ತು ಸಾವಿರ ಜನ, ಯಾರೋ ಆಕಾಶದಿಂದ ಹಳದಿ ಸಾಸಿವೆ ಸಾಸಿನ ಡಬ್ಬಿ ಮಗುಚಿದ ಹಾಗೆ.

"ಅತ್ತೆ, ಇದನ್ನ ಫುಟ್ಬಾಲ್ ಅಂತ ಯಾಕಂತಾರೆ? ಎಲ್ಲಾ ಕೈಯಲ್ಲೇ ಹಿಡ್ಕೊಂಡು ಓಡ್ತಿದಾರೆ."

"ಮಧ್ಯೆ ಮಧ್ಯೆ ಒದೀತಾರೆ ಪುಟ್ಟ."

"ಯಾರನ್ನ?"

ಅಣ್ಣ ಶ್ ಎಂದ.

ಬರ್ಡಿಗೆ ಆಟ ಹತ್ತು ನಿಮಿಷದಲ್ಲಿ ಬೇಜಾರಾಯಿತು. ಆಮೇಲೆ ಕೊಕ್ಕರೆ ಕಾಣಿಸಿತು. ಸೇಂಟ್ ಒಡೀಲ್ ತಂಡದ ಹೆಸರೇ ನೀಲಿ ಕೊಕ್ಕರೆಗಳು, ಅವರನ್ನು ಹುರಿದುಂಬಿಸಲು ಮೈದಾನದಂಚಿನಲ್ಲಿ ಒಬ್ಬರು ಕೊಕ್ಕರೆ ವೇಷ ತೊಟ್ಟು ಕುಣಿಯುತ್ತಾರೆ. ಆ ವೇಷದೊಳಗೆ ಯಾವ ಪಾಪದ ವಿದ್ಯಾರ್ಥಿ ಇದ್ದನೋ ಇದ್ದಳೋ, ಒಂಟಿ ಕಾಲಲ್ಲಿ ನಿಲ್ಲುವುದು, ಬೀಳುವುದು, ಕೊಕ್ಕು ಸರಿಮಾಡಿಕೊಂಡು ಮತ್ತೆ ನಿಲ್ಲುವುದು. ಬರ್ಡಿ ಬಾಯಿ ತೆರೆದು ನೋಡಿದಳು.

"ತಾತ, ಅದಕ್ಕೆ ಯಾರೂ ಚಪ್ಪಾಳೆ ತಟ್ತಿಲ್ಲ."

"ತಟ್ಟಬಾರ್ದು ಕಂದ. ಅದು ಶತ್ರು."

"ಅದು ಹಕ್ಕಿ."

ಅಷ್ಟರಲ್ಲಿ ಯಾರೂ ಎಣಿಸದ ಸಂಗತಿ ನಡೆಯಿತು. ಸೋಲಲೆಂದು ಕರೆಸಿದವರು ಸೋಲುವುದನ್ನು ಮರೆತರು. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿಯುವಾಗ ಅವರದು ಹದಿನೇಳು, ನಮ್ಮದು ಹದಿಮೂರು. ನಮ್ಮ ಕಡೆಯವರು ತಮ್ಮ ತಮ್ಮ ಮದ್ದುಗಳನ್ನು ಹೊರತೆಗೆದರು. ತಾತ ಟೋಪಿಯನ್ನು ಹಿಂದುಮುಂದು ಹಾಕಿದ. ಅಣ್ಣ ಎಡಗಾಲಿನ ಬೂಟು ಬಲಗಾಲಿಗೆ, ಬಲಗಾಲಿನದು ಎಡಗಾಲಿಗೆ ಹಾಕಿಕೊಂಡ. ಹಿಂದಿನ ಸಾಲಿನ ದಂತವೈದ್ಯರು ಅರ್ಧ ತಿಂದ ಹಾಟ್‌ಡಾಗನ್ನು ಎರಡು ಕೈಯಲ್ಲೂ ಹಿಡಿದು ಕಣ್ಣುಮುಚ್ಚಿ ಕೂತರು. ಇದೇ ಜನ ಬರ್ಡಿಗೆ, ಬಿದ್ದ ಹಲ್ಲಿಗೆ ದಿಂಬಿನಡಿ ಕಾಸಿಡುವ ಹಲ್ಲು ದೇವತೆಯೆಲ್ಲ ಸುಳ್ಳು ಎಂದು ಹೋದ ವಾರವಷ್ಟೇ ಬುದ್ಧಿ ಹೇಳಿದ್ದರು.

ಆ ಮೌನದಲ್ಲಿ ಬರ್ಡಿ ಸೀಟಿನ ಮೇಲೆ ಹತ್ತಿ ನಿಂತು ಚಪ್ಪಾಳೆ ತಟ್ಟಿದಳು. "ಕೊಕ್ಕರೆ, ಬೀಳಬೇಡ. ಕೊಕ್ಕರೆ, ನೀನೇ ಚೆನ್ನಾಗಿದೀಯ."

ಸಾಲು ತಿರುಗಿತು. ತಾತ ಮೊದಲು ನನ್ನನ್ನು ನೋಡಿದ. ಆಮೇಲೆ ನಿಧಾನವಾಗಿ ಅವನ ಕಣ್ಣು ಬರ್ಡಿಯ ಕಡೆ ಹೊರಳಿತು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಅದರ ಕೆಳಗೆ ಹದಿಮೂರು ವರ್ಷ ಬದುಕಿದ್ದೇನೆ.

"ಬರ್ಡಿ, ಒಂದಕ್ಕೆ ಬರ್ತಿದ್ಯಾ?" ಎಂದೆ.

"ಇಲ್ಲ."

"ಬರ್ತಿದೆ. ನಡಿ."

ಹದಿನಾಲ್ಕನೇ ಗೇಟಿನ ಹೆಂಗಸರ ಟಾಯ್ಲೆಟ್ಟಿನ ಸಾಲಿನಲ್ಲಿ ನಿಂತೆವು. ನಮ್ಮ ಮುಂದೆ ನಾಲ್ಕು ಜನ ಇದ್ದರು. ಇದ್ದಕ್ಕಿದ್ದಂತೆ ತಲೆಯ ಮೇಲಿನ ಕಾಂಕ್ರೀಟು ನಡುಗಿತು. ನಮ್ಮವರು ಸ್ಕೋರು ಮಾಡಿದ್ದರು. ಇಪ್ಪತ್ತು, ಹದಿನೇಳು. ಕೂಡಲೇ ಅಣ್ಣನ ಫೋನು.

"ಮಾರ್ನಿ, ಎಲ್ಲಿದೀರ?"

"ಟಾಯ್ಲೆಟ್ ಸಾಲಲ್ಲಿ. ಬರ್ತೀವಿ."

"ಬರಬೇಡಿ. ನೀವು ಎದ್ದು ಹೋದ ಒಂದೇ ನಿಮಿಷಕ್ಕೆ ಸ್ಕೋರು. ಗೆಲ್ಲೋವರೆಗೂ ಟಾಯ್ಲೆಟ್ಟಲ್ಲೇ ಇರಿ."

"ಇದು ನಿನ್ನ ಮಗಳ ಮೊದಲ್ನೇ ಮ್ಯಾಚು ಕಣೋ."

"ಅದಕ್ಕೇ ಹೇಳ್ತಿರೋದು. ಅವಳ ಟಿಕೆಟ್ಟು ಗೋಡೆಗೆ ಹೋಗೋದು ಬೇಡ್ವಾ?" ಹಿಂದಿನಿಂದ ತಾತನ ದನಿ ಕೇಳಿಸಿತು: "ಸಾಲಲ್ಲಿ ಎಷ್ಟನೇ ನಂಬರಲ್ಲಿದಾರೆ ಕೇಳು. ಅಲ್ಲೇ ಇರ್ಲಿ, ಮುಂದೆ ಹೋಗೋದು ಬೇಡ."

ನಿಜ ಹೇಳಬೇಕೆಂದರೆ ನಾನು ಇದ್ದೆ. ಆರು ನಿಮಿಷ ಅಲ್ಲೇ ನಿಂತೆ, ಹಿಂದಿನವರನ್ನೆಲ್ಲ ಮುಂದೆ ಬಿಟ್ಟೆ. ನನಗೂ ಆ ಕಟ್ಟು ಬೇಕಾಗಿತ್ತು, ಬರ್ಡಿಗಾಗಿ.

ಬರ್ಡಿ ಕೈ ಒಣಗಿಸುವ ಯಂತ್ರದ ಕೆಳಗೆ ತಲೆ ಒಡ್ಡಿ ನಿಂತಿದ್ದಳು. "ಅತ್ತೆ, ನಾವು ಏನ್ ತಪ್ಪು ಮಾಡಿದ್ವಿ?"

ಆ ಪ್ರಶ್ನೆಯನ್ನು ನಾನು ಆರನೇ ವಯಸ್ಸಿನಲ್ಲಿ ಯಾರನ್ನೂ ಕೇಳಿರಲಿಲ್ಲ.

"ಏನೂ ಮಾಡಿಲ್ಲ. ಕೊಕ್ಕರೆ ಹತ್ರ ಹೋಗೋಣ್ವಾ?"

ಎದುರು ತಂಡದವರಿಗೆ ಕೊಟ್ಟಿದ್ದು ಕ್ರೀಡಾಂಗಣದ ತೀರಾ ಮೂಲೆ, ನೆಟ್ಟಗೆ ಬಿಸಿಲು ಬೀಳುವ ಕಡೆ. ಕಾವಲಿನವನು ಟಿಕೆಟ್ಟು ಕೂಡ ಕೇಳಲಿಲ್ಲ. ಅಲ್ಲಿಗೆ ಬೇಕೆಂದೇ ಹೋಗುವವರನ್ನು ಅವನು ಈ ಮೊದಲು ನೋಡಿರಲಿಕ್ಕಿಲ್ಲ. ಹೆಚ್ಚೆಂದರೆ ಇನ್ನೂರು ಜನ ಇದ್ದರು. ನೀಲಿ ಸ್ವೆಟರಿನ ಒಬ್ಬ ಮುದುಕಿ ನಮ್ಮ ಸಾಸಿವೆ ಜರ್ಸಿಗಳನ್ನು ಮೇಲಿಂದ ಕೆಳಗೆ ನೋಡಿದಳು.

"ದಾರಿ ತಪ್ಪಿದ್ರಾ, ಬುದ್ಧಿ ಬಂತಾ?"

"ಇವಳಿಗೆ ಕೊಕ್ಕರೆ ನೋಡ್ಬೇಕಂತೆ."

"ಬಾ ತಾಯಿ, ಕೂತ್ಕೋ. ನಮ್ಮ ಹತ್ರ ಇರೋದು ಬರೀ ಜಾಗಾನೇ." ಮಡಿಲಲ್ಲಿದ್ದ ಡಬ್ಬಿ ತೆರೆದು ಗಸಗಸೆ ತುಂಬಿದ ಕೊಲಾಚೆ ಬನ್ನನ್ನು ಬರ್ಡಿಯ ಕೈಗಿಟ್ಟಳು.

ಕೊಕ್ಕರೆ ಬಂತು. ಬರ್ಡಿಯ ಮುಂದೆ ಒಂಟಿ ಕಾಲಲ್ಲಿ ನಿಂತಿತು, ಬಿತ್ತು, ರೆಕ್ಕೆಯಿಂದ ಒಂದು ನೀಲಿ ಗರಿ ಕಿತ್ತು ಅವಳ ಜಡೆಗೆ ಸಿಕ್ಕಿಸಿತು. ಅದೇ ಹೊತ್ತಿಗೆ ಮೈದಾನದಲ್ಲಿ ಕೊನೆಯ ಮೂರು ಸೆಕೆಂಡು. ಅವರ ಹುಡುಗ ಚೆಂಡು ಒದ್ದ. ಕಂಬಗಳ ನಡುವೆ ಹೋಗಿದ್ದರೆ ಮೂರು ಅಂಕ, ಸರಿಸಮ. ಹೋಗಲಿಲ್ಲ.

ನಾನು ಥಟ್ಟನೆ ಸುತ್ತ ನೋಡಿದೆ, ಇವರು ಯಾವ ಮಗುವಿನ ಕಡೆ ತಿರುಗುತ್ತಾರೋ ಎಂದು. ಯಾರೂ ತಿರುಗಲಿಲ್ಲ. ಮುದುಕಿ ಡಬ್ಬಿಯನ್ನು ಪಕ್ಕಕ್ಕಿಟ್ಟು ಎದ್ದು ಕುಣಿಯತೊಡಗಿದಳು. ಇನ್ನೂರು ಜನರೂ ಕುಣಿದರು. ಒದ್ದ ಹುಡುಗನ ಹೆಸರು ಕೂಗಿ ಕರೆದರು. ಎದುರುಗಡೆ ಎಂಬತ್ತು ಸಾವಿರ ಜನ, ಮೂರೇ ಅಂಕದಿಂದ ಗೆದ್ದ ಅವಮಾನಕ್ಕೆ ಕೋಚನ್ನು ಶಪಿಸುತ್ತ, ಗಂಟುಮುಖದಲ್ಲಿ ಮೆಟ್ಟಿಲಿಳಿಯುತ್ತಿದ್ದರು.

"ಅತ್ತೆ, ಗೆದ್ದಿದ್ದು ಯಾರು?"

"ನಾವು."

"ಮತ್ತೆ ಇವರ್ಯಾಕೆ ಕುಣೀತಿದಾರೆ?"

"ಅರವತ್ತರಲ್ಲಿ ಸೋಲ್ಬೇಕಿತ್ತು ಪುಟ್ಟ, ಮೂರರಲ್ಲಿ ಸೋತ್ವಿ," ಎಂದಳು ಮುದುಕಿ ಏದುಸಿರು ಬಿಡುತ್ತ.

ಮನೆಗೆ ಟ್ರಕ್ಕು ಓಡಿಸುತ್ತ ತಾತ ತುಂಬ ಖುಷಿಯಲ್ಲಿದ್ದ. "ಬರ್ಡಿ ಟಿಕೆಟ್ಟಿಗೆ ನಾಳೇನೇ ಕಟ್ಟು ಹಾಕಿಸ್ತೀನಿ. ಎಲ್ಲಾ ಆ ಟಾಯ್ಲೆಟ್ಟಿನ ಪುಣ್ಯ. ಮುಂದಿನ ಶನಿವಾರಾನೂ ನೀವಿಬ್ರು ಅಲ್ಲೇ, ಅದೇ ಸಾಲಲ್ಲಿ."

ನಾನು ತಲೆಯಾಡಿಸಿದೆ. ಸುಮ್ಮನಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು.

"ನಾವು ಟಾಯ್ಲೆಟ್ಟಲ್ಲಿ ಇರ್ಲಿಲ್ಲ," ಎಂದಳು ಬರ್ಡಿ, ಗರಿ ಮುಟ್ಟಿಕೊಳ್ಳುತ್ತ. "ಕೊಕ್ಕರೆ ಜನರ ಹತ್ರ ಕೂತಿದ್ವಿ. ಬನ್ನು ತಿಂದೆ."

ತಾತ ಟ್ರಕ್ಕನ್ನು ಜೋಳದ ಹೊಲದ ಪಕ್ಕಕ್ಕೆ ತಂದು ನಿಲ್ಲಿಸಿದ. ಅಣ್ಣ ಇನ್ನೂ ಅದಲುಬದಲು ಬೂಟಿನಲ್ಲೇ ಇದ್ದ. ನಾನು ಬರ್ಡಿಯ ಕೈ ಹಿಡಿದುಕೊಂಡೆ. ಈಗ ಆ ನೋಟ ಬಂದರೆ ಅದರ ಮುಖಕ್ಕೇ ಹೇಳಿಬಿಡಬೇಕೆಂದು ಹದಿಮೂರು ವರ್ಷದ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಕೊನೇ ಒದೆತ ಹೊರಗೆ ಹೋದಾಗ ಅಲ್ಲೇ ಇದ್ರಾ?" ಎಂದ ತಾತ.

"ಹೂಂ."

"ಎಷ್ಟನೇ ಸಾಲು?"

ನಾನು ಹೇಳಿದ ಸಂಖ್ಯೆಯನ್ನು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡ. "ಬನ್ನು ಯಾವುದು?"

"ಗಸಗಸೆದು."

ಅದನ್ನೂ ಬರೆದುಕೊಂಡ. "ಹಾಗಾದ್ರೆ ಮುಂದಿನ ಶನಿವಾರ ಅಲ್ಲೇ ಕೂತ್ಕೊಳ್ಳಿ. ಯಾವ ತಂಡ ಬಂದ್ರೂ ಅವರ ಕಡೇನೇ. ಚಪ್ಪಾಳೇನೂ ಅವರಿಗೇ ತಟ್ಟಿ."

"ಹಾಗಾದ್ರೆ ಟಾಯ್ಲೆಟ್ ಬಾಗಿಲ ಹಿಂದಿಂದ ನನ್ನ ಟಿಕೆಟ್ಟು ತೆಗೀತೀಯಾ ತಾತ?"

"ಅದು ಬೇರೆ ವಿಷ್ಯ ಮಾರ್ನಿ. ಅವತ್ತು ಸೋತಿದ್ವಿ."

ಟ್ರಕ್ಕು ಮತ್ತೆ ಹೊರಟಿತು. ಬರ್ಡಿ ನನ್ನ ಎದೆಗೊರಗಿದಳು, ಅವಳ ಗರಿ ನನ್ನ ಮೂಗಿಗೆ ಚುಚ್ಚುತ್ತಿತ್ತು. ಊರ ನೀರಿನ ಟ್ಯಾಂಕು ದಾಟಿದ ಮೇಲೆ ತಾತ ಕನ್ನಡಿಯಲ್ಲಿ ನನ್ನನ್ನು ನೋಡಿ, ಓದಿನ ಬಗ್ಗೆ ತನ್ನ ಎರಡನೇ ಪ್ರಶ್ನೆ ಕೇಳಿದ.

"ನಿನ್ನ ಆ ಕಾಲೇಜು ಮುಗಿಸಿ ಊರು ಬಿಡೋದು ಯಾವಾಗ?"

"ಇನ್ನೂ ಎರಡೂವರೆ ವರ್ಷ ಇದೆ."

"ಅವಸರ ಮಾಡ್ಬೇಡ," ಎಂದ ತಾತ. "ಒಂದೆರಡು ವಿಷಯದಲ್ಲಿ ಫೇಲಾದ್ರೂ ಪರ್ವಾಗಿಲ್ಲ."