ಎಡಗೈಯ ಪಟ್ಟಿ

ಎರಡೂ ಉಂಗುರಗಳು ಹಸಿರಾಗಿಯೇ ಮೂಡಿದವು. ಸಂಗಮ್ಮ ಬೆರಳನ್ನು ಹಿಂದಕ್ಕೆಳೆದುಕೊಳ್ಳುವಷ್ಟರಲ್ಲಿ ಮೇಜು ಒಂದು ಸಲ ಕುಂಯ್ ಎಂದು, ಗಾಜನ್ನೆಲ್ಲ ಕೆಂಪು ಮಾಡಿಕೊಂಡು, ಮುನಿಸಿಕೊಂಡವರ ಹಾಗೆ ಸುಮ್ಮನಾಗಿಬಿಟ್ಟಿತು. ಎದುರಿನ ತಟ್ಟೆಯಲ್ಲಿ ಒಂದು ಜೊತೆ ತಾಳಿಬೊಟ್ಟು. ಆಷಾಢ ಕಳೆದು ಶ್ರಾವಣ ಹುಟ್ಟಿದ ಮೇಲೆ ಆ ಕೋಣೆಗೆ ಬಂದ ಮೊದಲ ತಾಳಿ ಅದು.

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಬಟ್ಟೆಯಂಗಡಿಯೊಂದರ ಮೇಲಿನ ಮಹಡಿಯಲ್ಲಿರುವ ಆ ಕೋಣೆಯಿಂದ ಯಾವ ಒಡವೆಯೂ ಇಬ್ಬರು ನೋಡದೆ ಹೊರಗೆ ಹೋಗುವಂತಿಲ್ಲ. ಕಂಪನಿ ಒಡವೆ ಮಾರುವುದೆಲ್ಲ ಆನ್‌ಲೈನಿನಲ್ಲಿ. ಕೊಳ್ಳುವವರು ಕೈಯಲ್ಲಿ ಹಿಡಿದು ನೋಡಲಾರರಾದ್ದರಿಂದ ಅವರ ಪರವಾಗಿ ಇಬ್ಬರು ಹೆಂಗಸರು ಕೊಂಡಿ ಎಳೆದು, ಕಲ್ಲು ಅಲುಗಾಡಿಸಿ ನೋಡಬೇಕು. ನೋಡಿದ ಮೇಲೆ ಮೇಜಿನ ಗಾಜಿನಲ್ಲಿ ಮೂಡುವ ಅದರ ಚಿತ್ರವನ್ನು ಇಬ್ಬರೂ ಒಂದೊಂದು ಸಲ ಮುಟ್ಟಬೇಕು. ಮುಟ್ಟಿದವರು ಯಾರೆಂದು ಮೇಜಿಗೆ ತಿಳಿಸುವುದು ಮಣಿಕಟ್ಟಿಗೆ ಕಟ್ಟಿಕೊಂಡ ಪಟ್ಟಿ. ಸಂಗಮ್ಮನ ಬೆರಳಿನ ಸುತ್ತ ಹಸಿರು ಉಂಗುರ, ಜೊತೆಗಾತಿ ಫಹ್ಮಿದಾಳ ಬೆರಳಿಗೆ ಕಿತ್ತಳೆ. ಪಟ್ಟಿಯಿಲ್ಲದ ಕೈ ಮುಟ್ಟಿದರೆ ಬೂದು ಉಂಗುರ, ಪಕ್ಕದಲ್ಲಿ ‘ಯಾರು?’ ಎಂಬ ಪ್ರಶ್ನೆ.

ಪಟ್ಟಿ ಕಟ್ಟಿದ ಕೈಯೇ ಮುಟ್ಟಬೇಕೆಂಬುದು ಮೊದಲ ದಿನ ಇಬ್ಬರಿಗೂ ಗೊತ್ತಿರಲಿಲ್ಲ. ಗಡಿಯಾರದ ಹಾಗೆ ಎಡಗೈಗೆ ಕಟ್ಟಿಕೊಂಡು ಬಲಗೈಯಲ್ಲಿ ಮುಟ್ಟುತ್ತ ಹೋದರು, ಮೇಜು ಯಾರು ಯಾರು ಎಂದು ಕೇಳುತ್ತ ಹೋಯಿತು. “ಇದು ನಮ್ ಅತ್ತೆ ಥರಾನೇ ಅಕ್ಕಾ. ಇಷ್ಟು ವರ್ಷ ಆದ್ಮೇಲೂ ನೀನು ಯಾರು ಅಂತಾಳೆ” ಎಂದು ಫಹ್ಮಿದಾ ಅಂದಿದ್ದಕ್ಕೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಈಗ ಫಹ್ಮಿದಾಳ ಕುರ್ಚಿ ಖಾಲಿ. ಇವತ್ತು ಮಾತ್ರವಲ್ಲ, ಆಷಾಢದ ಶುರುವಿನಿಂದಲೂ ಖಾಲಿ. ಅವಳ ಪಟ್ಟಿ ಮಾತ್ರ ಸಂಗಮ್ಮನ ಎಡಗೈಯಲ್ಲಿತ್ತು.

ಒಂದು ಸಂಜೆ ಮೆಟ್ಟಿಲಿಳಿಯುವಾಗ ಫಹ್ಮಿದಾ ಪಟ್ಟಿ ಬಿಚ್ಚಿ ಅವಳ ಅಂಗೈಗೆ ಹಾಕಿದ್ದಳು. ಸ್ವಲ್ಪ ದಿನ ಬರಲಾಗುವುದಿಲ್ಲ, ಇದನ್ನು ರವಿಕಿರಣ್ ಸರ್‌ಗೆ ಕೊಟ್ಟುಬಿಡಿ ಎಂದಿದ್ದಳು. ಯಾಕೆಂದು ಕೇಳುವಷ್ಟರಲ್ಲಿ ಶಿವಾಜಿನಗರದ ಸಂದಣಿಯಲ್ಲಿ ಬುರ್ಖಾಗಳ ನಡುವೆ ಬುರ್ಖಾ ಆಗಿ ಕರಗಿಹೋಗಿದ್ದಳು. ಸಂಗಮ್ಮ ಕೊಡಲಿಲ್ಲ. ಪಟ್ಟಿ ಕೊಟ್ಟರೆ ಆ ಕುರ್ಚಿಗೆ ಇನ್ನೊಬ್ಬರು ಬಂದು ಕೂರುತ್ತಾರೆ, ಆಮೇಲೆ ಫಹ್ಮಿದಾ ಬಂದರೆ ಅವಳಿಗೆ ಜಾಗವೆಲ್ಲಿ? ಸ್ವಲ್ಪ ದಿನದ ಮಾತು, ತಾನೇ ನಿಭಾಯಿಸಿದರಾಯಿತು ಎಂದುಕೊಂಡಳು. ಮಾರನೆಯ ದಿನ ಬಲಗೈಯಲ್ಲಿ ತನ್ನ ಹಸಿರು ಒತ್ತಿ, ಎಡಗೈಯಲ್ಲಿ ಗೆಳತಿಯ ಕಿತ್ತಳೆ ಒತ್ತಿದಳು. ಮೇಜು ತಕರಾರಿಲ್ಲದೆ ಒಪ್ಪಿಕೊಂಡಿತು. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ. ಇಲ್ಲಿ ಎರಡೂ ಕೈ ಸೇರಿಯೇ ಸಂಚು ಹೂಡಿದ್ದವು. ಹಾಜರಿ ಹಾಕಿಕೊಳ್ಳುವುದೂ ಆ ಮೇಜೇ. ಮೇಲ್ವಿಚಾರಕ ರವಿಕಿರಣ ಕೂರುವುದು ಇಂದಿರಾನಗರದ ಆಫೀಸಿನಲ್ಲಿ. ಅವನಿಗೆ ಕಾಣುವುದು ಬಣ್ಣಗಳು ಮಾತ್ರ. ಕೋಣೆಯ ಕ್ಯಾಮೆರಾ ಕಾಯುತ್ತಿದ್ದದ್ದು ಚಿನ್ನವನ್ನು. ಅದಕ್ಕೆ ಎರಡು ಕೈ ಕಂಡರೆ ಸಾಕಿತ್ತು, ಮುಖಗಳ ಗೊಡವೆ ಇರಲಿಲ್ಲ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬುದು ಸುಳ್ಳಲ್ಲ. ಮೊದಮೊದಲು ಮೆಟ್ಟಿಲ ಮೇಲೆ ಸಪ್ಪಳವಾದರೆ ಎಡಗೈ ತಾನಾಗಿ ಸೆರಗಿನೊಳಗೆ ಅಡಗುತ್ತಿತ್ತು. ಬರಬರುತ್ತ ಅದರಲ್ಲೇ ಒಂದು ಸುಖ ಕಾಣತೊಡಗಿತು. ಎಡಗೈ ಮುಟ್ಟಿದಾಗ ಕಿತ್ತಳೆ ಬಣ್ಣ ಅರಳಿದರೆ ಎದುರಿಗೆ ಯಾರೋ ಕೂತಂತೆ ಅನಿಸುತ್ತಿತ್ತು. ಈ ಓಲೆಯ ತಿರುಪು ಸಡಿಲ ಐತಲ್ಲ ಎಂದು ಬಲಗಡೆಯಿಂದ ಕೇಳಿ, ಎಡಗಡೆಯಿಂದ ತಾನೇ ಹೂಂಗುಟ್ಟುತ್ತಿದ್ದಳು. ಡಬ್ಬಿಯಲ್ಲಿ ಫಹ್ಮಿದಾಳ ಪಾಲಿನ ರೊಟ್ಟಿ, ಶೇಂಗಾ ಚಟ್ನಿ ತಪ್ಪದೆ ಬರುತ್ತಿತ್ತು, ತಪ್ಪದೆ ವಾಪಸು ಹೋಗುತ್ತಿತ್ತು. ದಿನಾ ಫೋನ್ ಮಾಡುತ್ತಿದ್ದಳು. ಅದು ಹೊಡೆದುಕೊಂಡು ಹೊಡೆದುಕೊಂಡು ತಾನೇ ನಿಲ್ಲುತ್ತಿತ್ತು. ಮನೆಯಲ್ಲಿ ಏನೋ ತಾಪತ್ರಯ ಇರಬೇಕು ಪಾಪ ಎಂದುಕೊಳ್ಳುತ್ತಿದ್ದಳು.

ರಾಣೆಬೆನ್ನೂರಿನ ಕಡೆಯ ಸಂಗಮ್ಮ ಗಂಡನ ಹಿಂದೆ ಬೆಂಗಳೂರಿಗೆ ಬಂದವಳು. ಗಂಡ ತೀರಿಕೊಂಡ ಮೇಲೆ ಜೀವನ್ ಬಿಮಾ ನಗರದಲ್ಲಿ ರಮಾಮಣಿಯವರ ಮನೆಯ ತಾರಸಿ ಮೇಲಿನ ಒಂಟಿ ಕೋಣೆಯಲ್ಲಿ ಉಳಿದಳು. ಮಕ್ಕಳಿಲ್ಲ. ಸಂಜೆ ಬಾಗಿಲು ಹಾಕಿಕೊಂಡರೆ, ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದು ಕೇಳುವವರೆಗೆ ಬಾಯಿಗೆ ಕೆಲಸವಿರುತ್ತಿರಲಿಲ್ಲ. ಹೀಗಾಗಿ ಫಹ್ಮಿದಾ ಎಂದರೆ ಪ್ರಾಣ. ಬಸ್ ಸ್ಟ್ಯಾಂಡಿನಲ್ಲಿ ಕಾದು ಅವಳ ಜೊತೆಯಲ್ಲೇ ಮೆಟ್ಟಿಲು ಹತ್ತುವಳು, ಭಾನುವಾರವೂ ಏನಾದರೊಂದು ನೆಪ ತೆಗೆದು ಫೋನ್ ಮಾಡುವಳು. ಇತ್ತೀಚೆಗೆ ಭಾನುವಾರ ಅವಳ ಫೋನ್ ಆಫ್ ಆಗಿರುತ್ತಿತ್ತು. ಚಾರ್ಜು ನಿಲ್ಲುತ್ತಿಲ್ಲವೇನೋ, ಹೊಸ ಬ್ಯಾಟರಿ ಹಾಕಿಸಿಕೊಳ್ಳಬಾರದೇ ಎಂದು ಸಂಗಮ್ಮ ಬುದ್ಧಿ ಹೇಳಿದ್ದಳು.

ಈ ಕೆಲಸಕ್ಕೆ ಸೇರಿದ ವಾರದಲ್ಲೇ ತಾಳಿಯ ತಟ್ಟೆ ಬಂದಿತ್ತು. ಸಂಗಮ್ಮ ಕೈ ಮುಂದೆ ಮಾಡಲಿಲ್ಲ. ಊರಲ್ಲಿ ತಂಗಿಯ ಮಗಳ ಮದುವೆಯಲ್ಲಿ ತಾಳಿಯ ತಟ್ಟೆ ಎಲ್ಲರ ಕೈ ದಾಟಿ ಬಂದು, ಇವಳ ಮುಂದೆ ಮಾತ್ರ ದಾರಿ ಬದಲಿಸಿ ಹೋಗಿತ್ತು. ಆ ಉರಿ ಇನ್ನೂ ಒಳಗಿತ್ತು. ಫಹ್ಮಿದಾಳಿಗೆ ಯಾರೂ ಹೇಳಿರಲಿಲ್ಲ, ಆದರೂ ತಿಳಿದುಕೊಂಡಳು. ತಟ್ಟೆಯನ್ನು ಇವಳ ಕಡೆ ತಳ್ಳಿ, “ನಮ್ಮಲ್ಲೂ ಕರಿಮಣಿ ಕಟ್ತಾರೆ ಅಕ್ಕಾ. ನೀವು ಮುಟ್ಟದೇ ಇದು ಯಾರ ಕುತ್ತಿಗೆಗೂ ಹೋಗಲ್ಲ. ಮುಟ್ಟಿ” ಎಂದಿದ್ದಳು. ಸಂಗಮ್ಮ ಬಲಗೈ ಚಾಚಿ ಮುಟ್ಟಿದ್ದಳು. ಅಂದಿನಿಂದ ಎಷ್ಟು ತಾಳಿ ಆ ಕೈ ದಾಟಿ ಹೋದವೋ! ಪ್ರತಿಯೊಂದಕ್ಕೂ ಮನಸ್ಸಿನಲ್ಲೇ ಚೆನ್ನಾಗಿ ಬಾಳವ್ವ ಎನ್ನುತ್ತಿದ್ದಳು.

ಆಷಾಢದಲ್ಲಿ ಮದುವೆಯಿಲ್ಲ, ತಾಳಿಯೂ ಇಲ್ಲ. ಓಲೆ, ಸರ, ಕಾಲ್ಗೆಜ್ಜೆಗಳಿಗೆ ಎಡಗೈ ನಡೆಯಿತು. ಇವತ್ತು ತಾಳಿ ಬಂತು. ಬಲಗೈಯಲ್ಲಿ ತನ್ನ ಪಾಲಿನದು ಮುಟ್ಟಿದಳು. ಫಹ್ಮಿದಾಳ ಸರದಿಗೆ ಎಡಗೈ ಅರ್ಧದವರೆಗೆ ಬಂದು ನಿಂತಿತು. ತಾಳಿಗೆ ಎಡಗೈಯೇ? ಗೆಳತಿಯಾದರೂ ಯಾವತ್ತಾದರೂ ಹಾಗೆ ಮಾಡಿದ್ದಳೇ? ಪಟ್ಟಿಯನ್ನು ಬಲಗೈಗೆ ಬದಲಿಸಿಕೊಂಡಿದ್ದರೆ ಮುಗಿಯುತ್ತಿತ್ತು, ಆದರೆ ಅದು ಹೊಳೆಯುವ ಮೊದಲೇ ಬಲಗೈ ಹೋಗಿ ಎರಡನೆಯ ಸಲ ಮುಟ್ಟಿಬಿಟ್ಟಿತ್ತು. ಒಬ್ಬರೇ ಎರಡು ಸಲ ಮುಟ್ಟಿದರೆ ಮೇಜಿಗೆ ಬೀಗ. ಆ ಬೀಗ ತೆಗೆಯಲು ಮೇಲ್ವಿಚಾರಕನೇ ಬರಬೇಕು.

ರವಿಕಿರಣ ಮಧ್ಯಾಹ್ನದ ಹೊತ್ತಿಗೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತ ಮೇಲೆ ಬಂದ. ಫಹ್ಮಿದಾ ಎಲ್ಲಿ ಎಂದು ಕೇಳಿದ.

“ಇಲ್ಲೇ ನಮಾಜಿಗೆ ಹೋಗ್ಯಾಳ್ರೀ ಸರ, ಬರ್ತಾಳ” ಎಂದಳು ಸಂಗಮ್ಮ.

ಅವನು ಅವಳ ಎಡಗೈ ನೋಡಿದ, ಆಮೇಲೆ ಬಲಗೈ ನೋಡಿದ. ಸಂಗಮ್ಮ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವನು ಗದರಲಿಲ್ಲ, ಫಹ್ಮಿದಾಳ ಕುರ್ಚಿ ಎಳೆದುಕೊಂಡು ಕುಳಿತ.

“ಅವ್ರು ಕೆಲ್ಸ ಬಿಡ್ತೀನಿ ಅಂತ ಆಗ್ಲೇ ಹೇಳಿದ್ರಲ್ಲಮ್ಮ ನಂಗೆ. ಮಾರತ್ತಹಳ್ಳೀಲಿ ಬೇರೆ ಕೆಲ್ಸ ಸಿಕ್ಕಿದೆ ಅಂದ್ರು. ಆದ್ರೆ ಮಾರನೇ ದಿನಾನೂ ಅವ್ರ ಬಣ್ಣ ಬಂತು. ಮನಸ್ಸು ಬದಲಾಯಿಸ್ಕೊಂಡ್ರೇನೋ ಅಂತ ನಾನೂ ಸುಮ್ನಾದೆ.”

ಸಂಗಮ್ಮನಿಗೆ ಮಾತು ಕೇಳಿಸಿತು, ಅರ್ಥವಾಗಲು ಹೊತ್ತು ಹಿಡಿಯಿತು. ಮಾರತ್ತಹಳ್ಳಿಯೇನು ಏಳು ಸಮುದ್ರದಾಚೆಯೇ? ಒಂದು ಮಾತು ಹೇಳಿ ಹೋಗಬಾರದಿತ್ತೇ? ಇರಲಿಕ್ಕಿಲ್ಲ, ಇವನು ಏನೋ ತಪ್ಪು ತಿಳಿದಿದ್ದಾನೆ. “ಬ್ಯಾರೆ ಕೆಲಸ ಹಿಡದಿದ್ರ ಅಕಿ ನನಗ ಹೇಳತಿದ್ಲರೀ” ಎಂದಳು.

ರವಿಕಿರಣ ಅಲ್ಲಿಯೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಸಂಗಮ್ಮನ ಕರೆಗೆ ಒಂದು ದಿನವೂ ಎತ್ತದ ಫೋನನ್ನು ಫಹ್ಮಿದಾ ಎರಡನೇ ರಿಂಗಿಗೇ ಎತ್ತಿದಳು. ಹೇಳಿ ಸರ್ ಎಂದ ಆ ದನಿ ಕೇಳಿ ಸಂಗಮ್ಮನ ಮುಖ ಒಂದು ಕ್ಷಣ ಅರಳಿತು. ಪಟ್ಟಿ ಏನಾಯಿತೆಂದು ರವಿಕಿರಣ ಕೇಳಿದ. ಅಕ್ಕನ ಕೈಯಲ್ಲಿ ಅವತ್ತೇ ಕೊಟ್ಟೆನಲ್ಲ, ನಿಮಗೆ ಮುಟ್ಟಿಸಲಿಲ್ಲವೇ ಎಂದಳು ಫಹ್ಮಿದಾ.

“ಅವ್ರಿಗೆ ನೀವು ಕೆಲ್ಸ ಬಿಟ್ಟಿದ್ದು ಹೇಳಿಲ್ವಾ?”

“ಇಲ್ಲ ಸರ್. ನೀವೂ ಹೇಳ್ಬೇಡಿ. ಎಲ್ಲಿ ಅಂತ ಗೊತ್ತಾದ್ರೆ ಇಲ್ಲಿಗೂ ಬಂದ್ಬಿಡ್ತಾರೆ.” ಫಹ್ಮಿದಾ ದನಿ ತಗ್ಗಿಸಿದಳು. “ಅಕ್ಕ ಒಳ್ಳೇವ್ರು ಸರ್. ಆದ್ರೆ ಅವ್ರಿಗೆ ನನ್ನ ಬಿಟ್ರೆ ಯಾರೂ ಇಲ್ಲ. ನಂಗೆ ಅದೇ ಭಾರ ಆಗೋಗಿತ್ತು. ಮನೇಲಿ ಭಾನುವಾರ ಒಂದು ದಿನ ನನ್ ಮಕ್ಕಳ ಜೊತೆ ಕೂರಾಕಾಗ್ತಿರಲಿಲ್ಲ…”

ರವಿಕಿರಣ ಗಡಬಡಿಸಿ ಫೋನ್ ಎತ್ತಿ ಸ್ಪೀಕರ್ ಆರಿಸಿದ. ಕಿವಿಗಿಟ್ಟುಕೊಂಡು ಏನೋ ಹೂಂಗುಡುತ್ತ ಕಿಟಕಿಯ ಬಳಿ ಹೋಗಿ ನಿಂತ. ಕೆಳಗೆ ಬೀದಿಯಲ್ಲಿ ದುಪಟ್ಟಾ ಮಾರುವವನ ಕೂಗು ಕೇಳುತ್ತಿತ್ತು. ಸಂಗಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ನಾಚಿಕೆಯಾಯಿತು. ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ತನ್ನನ್ನು ದೂರದಿಂದ ಕಂಡಾಗ ಫಹ್ಮಿದಾಳ ಮುಖ ಹೇಗಿರುತ್ತಿತ್ತೆಂದು ನೆನಪಿಸಿಕೊಳ್ಳಲು ನೋಡಿದಳು. ಬುರ್ಖಾದಲ್ಲಿ ಅದು ಕಾಣುತ್ತಲೇ ಇರಲಿಲ್ಲ.

ರವಿಕಿರಣ ತಿರುಗುವಷ್ಟರಲ್ಲಿ ಅವಳು ಎಡಗೈಯ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಿದ್ದಳು. ಇದನ್ನು ಮೇಲಿನವರಿಗೆ ಹೇಳಿದರೆ ನಿಮ್ಮ ಕೆಲಸವೂ ಹೋಗುತ್ತದೆ, ಒಂದು ಸಲವೂ ಬಂದು ನೋಡದ ನನ್ನದೂ ಹೋಗುತ್ತದೆ ಎಂದ ಅವನು. ಪಟ್ಟಿ ಕೆಟ್ಟಿತ್ತೆಂದು ಬರೆದುಕೊಳ್ಳುತ್ತೇನೆ, ಆಷಾಢದ ಮಾಲಿನಲ್ಲಿ ಇಲ್ಲಿಯೇ ಉಳಿದದ್ದನ್ನೆಲ್ಲ ಇನ್ನೊಬ್ಬರಿಂದ ನೋಡಿಸುತ್ತೇನೆ ಎಂದ. ಅವಳು ತಲೆಯಾಡಿಸಿದಳು. ಕೆಲಸದ ವಿಚಾರ ಅವಳ ತಲೆಗೆ ಇಳಿದಿರಲೇ ಇಲ್ಲ.

ಮುಂದಿನ ವಾರ ಐಶ್ವರ್ಯಾ ಎಂಬ ಹುಡುಗಿ ಬಂದಳು. ಕಂಪನಿ ಅವಳಿಗೆ ಆ ಕಿತ್ತಳೆ ಬಣ್ಣವನ್ನೇ ಕೊಟ್ಟಿತ್ತು. ಚುರುಕಾದ ಹುಡುಗಿ, ಕಿವಿಯಲ್ಲಿ ಇಯರ್‌ಫೋನು, ಕೆಲಸದಲ್ಲಿ ಒಂದು ತಪ್ಪಿಲ್ಲ. ರೊಟ್ಟಿ ತಿಂತೀಯೇನು ಎಂಬ ಮಾತು ಸಂಗಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಡಬ್ಬಿಯಲ್ಲಿ ಈಗ ಒಬ್ಬರದೇ ಊಟ. ತಾಳಿಯ ತಟ್ಟೆ ಬಂದರೆ ಹುಡುಗಿ ತಲೆಯೆತ್ತದೆ ಮುಟ್ಟುವಳು, ಇವಳು ಬಲಗೈ ಚಾಚಿ ಮುಟ್ಟುವಳು. ಹಸಿರು, ಕಿತ್ತಳೆ. ತಟ್ಟೆ ಮುಂದೆ ಹೋಗುತ್ತಿತ್ತು.

ಮಧ್ಯಾಹ್ನ ಐಶ್ವರ್ಯಾ ಗೆಳತಿಯರ ಜೊತೆ ಉಣ್ಣಲು ಕೆಳಗೆ ಹೋದಳು. ಸಂಗಮ್ಮ ಕೈ ತೊಳೆದು ಬಂದು ಕುಳಿತಳು. ತಟ್ಟೆಗಳೆಲ್ಲ ಒಳಗೆ ಹೋಗಿದ್ದವು, ಗಾಜು ಮಾತ್ರ ಬೆಳಗುತ್ತಿತ್ತು. ಏನೂ ಕಟ್ಟಿರದ ಎಡಗೈಯನ್ನು ಮೆಲ್ಲಗೆ ಎತ್ತಿ ಅದರ ಮೇಲೊಂದು ಬೆರಳಿಟ್ಟಳು. ಬೂದು ಉಂಗುರ ಮೂಡಿತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಮೇಜು ಕೇಳಿತು: ಯಾರು?

ಸಂಗಮ್ಮ ಬೆರಳು ತೆಗೆಯಲಿಲ್ಲ. ಐಶ್ವರ್ಯಾಳ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿಸುವವರೆಗೂ ಆ ಪ್ರಶ್ನೆ ಅಲ್ಲೇ ಇತ್ತು.