ಮೂರನೇ ನಲ್ಲಿಯ ನೀರು

ನಮ್ಮೂರಿನ ಬಾರುಗಳಲ್ಲಿ ನಮ್ಮ ಭಾವನನ್ನು ‘ನಾಲಿಗೆ ಮೇಷ್ಟ್ರು’ ಎನ್ನುತ್ತಾರೆ, ನನ್ನನ್ನು ‘ಸಿಡುಕ’ ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಹನ್ನೊಂದು ವರ್ಷದಿಂದ ಇಬ್ಬರದೂ ಒಂದೇ ಕೆಲಸ. ಬಾಗಿಲು ಹಾಕಿದ ಬಾರುಗಳಿಂದ ಪೀಪಾಯಿ ಬಿಯರಿನ ಹಳೇ ಯಂತ್ರ ಕೊಳ್ಳುವುದು, ಬಿಚ್ಚಿ ತೊಳೆದು ಇನ್ನೊಬ್ಬರ ಬಾರಿನಲ್ಲಿ ಕೂರಿಸುವುದು. ತಣ್ಣಗಿಡುವ ಒಂದು ಪೆಟ್ಟಿಗೆ, ಅದರೊಳಗೆ ಸುರುಳಿ ಸುತ್ತಿದ ಕೊಳವೆಗಳು, ಮುಂದೆ ನಲ್ಲಿಗಳು, ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್. ಸಾಮಾನು ಇಷ್ಟೇ. ಅದರೊಳಗಿನ ಕೊಳೆಯ ಮಾತು ಮಾತ್ರ ಕೇಳಬೇಡಿ.

ಆ ಕೊಳೆ ಬಿಡಬೇಕಾದರೆ ಕೊಳವೆಯೊಳಗೆ ಕಾಸ್ಟಿಕ್ ಬೆರೆಸಿದ ನೀರು ನಿಲ್ಲಿಸಬೇಕು. ಆಮೇಲೆ ಒಳ್ಳೆ ನೀರು ಹಾಯಿಸಿ ಅದನ್ನು ಪೂರ್ತಿ ಹೊರಹಾಕಬೇಕು. ಚೂರು ಉಳಿದರೂ ನೀರು ನಾಲಿಗೆಗೆ ಸಾಬೂನಿನ ರುಚಿ, ಬೆರಳಿಗೆ ಸಾಬೂನಿನ ಜಾರು; ಹೆಚ್ಚು ಉಳಿದರೆ ಕುಡಿದವನ ಗಂಟಲು ಸುಡುತ್ತದೆ. ಅದಕ್ಕೇ ಭಾವ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಯಂತ್ರ ಕೂರಿಸಿದ ಮೇಲೆ, ಕೊಂಡವರ ಎದುರಿಗೇ, ಪ್ರತಿ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಮೊದಲು ತಾವು ಕುಡಿಯುವುದು. ಅವರು ಒಪ್ಪಿದ ಮೇಲೆ ಕೊಂಡವರು ಅದೇ ನಲ್ಲಿಯ ನೀರು ಕುಡಿಯುತ್ತಿದ್ದರು. ಕಾಸ್ಟಿಕ್ ತಾಗಿದರೆ ಬಣ್ಣ ಬದಲಾಗುವ ಕಾಗದದ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ ಎಂದು ನಾನೊಮ್ಮೆ ಹೇಳಿದ್ದೆ. “ಜನ ಕುಡಿಯೋದು ಬಾಯಲ್ಲಿ ಕಣಯ್ಯ, ಕಾಗದದಲ್ಲಲ್ಲ” ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಆ ನಾಲಿಗೆಯೇ ಸತ್ತಿದೆ ಎಂದು ಅಕ್ಕ ಒಂದು ಬೆಳಿಗ್ಗೆ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು.

“ಜ್ವರ ಬಂದು ಹೋಯ್ತಲ್ಲ, ಆವಾಗಿಂದ ಅವರಿಗೆ ರುಚಿನೂ ಇಲ್ಲ, ವಾಸನೆನೂ ಇಲ್ಲ. ಮೊನ್ನೆ ಕಣ್ತಪ್ಪಿ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿಬಿಟ್ಟಿದ್ದೆ. ಪೂರ್ತಿ ಕುಡಿದು ಚೆನ್ನಾಗಿದೆ ಅಂದ್ರು ಕಣೋ.”

“ಮತ್ತೆ ನನಗ್ಯಾಕೆ ಹೇಳಲಿಲ್ಲ?”

“ಯಾರಿಗೂ ಹೇಳಿಲ್ಲ. ನನಗೂ ಹೇಳಿಲ್ಲ. ನಾನು ಹೇಳ್ದೆ ಅಂತ ನೀನೂ ಬಾಯಿ ಬಿಡಬೇಡ. ಈ ಕೆಲಸ ಹೋದ್ರೆ ಅವರು ಮನುಷ್ಯರಾಗಿ ಉಳಿಯಲ್ಲ.”

ನನಗೆ ಮೊದಲು ಬಂದದ್ದು ಸಿಟ್ಟು. ಜ್ವರ ಬಿಟ್ಟು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಮೂರು ಯಂತ್ರ ಕೂರಿಸಿದ್ದೆವು, ಮೂರಕ್ಕೂ ಈ ಮಹಾನುಭಾವರು ಗಟಗಟ ಕುಡಿದು ತಲೆಯಾಡಿಸಿದ್ದರು. ಯಾರ ಮನೆಯ ಪುಣ್ಯವೋ, ಏನೂ ಆಗಿರಲಿಲ್ಲ. ಹೋಗಿ ಕೇಳಿಯೇಬಿಡೋಣ ಎಂದು ಹೊರಟವನು ಬಾಗಿಲ ಹತ್ತಿರ ನಿಂತೆ. ಹೋದ ಕಡೆಯೆಲ್ಲ ಜಗಳ ಮಾಡಿ ಕೆಲಸ ಕಳೆದುಕೊಂಡು ಬಂದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಪ್ಯಾನರ್ ಹಿಡಿಯಲು ಕಲಿಸಿದವರು ಅವರೇ. ಅವರನ್ನು ಹೇಗೆ ಕೇಳುವುದು?

ಅದೇ ದಿನ ಬಸ್ ಡಿಪೋ ಹಿಂದೆ ಮುಚ್ಚಿಹೋದ ಬಾರಿಗೆ ಹೋದೆವು. ನಾಲ್ಕು ನಲ್ಲಿಯ ಯಂತ್ರ, ಧೂಳಿನಲ್ಲಿ ಕೂತಿತ್ತು. ಭಾವ ಮೊದಲ ನಲ್ಲಿ ಬಿಚ್ಚಿದರು. ಒಳಗೆ ಕಪ್ಪು ಲೋಳೆ, ನನಗೆ ಹುಳಿ ನಾತ ತಲೆಗೇರಿತು. ಅವರು ಎಂದಿನಂತೆ ಅದನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, “ಹೂಂ, ಆರು ತಿಂಗಳಿಂದ ತೊಳೆದಿಲ್ಲ” ಎಂದರು. ಬಾಗಿಲಿಗೆ ಅಂಟಿಸಿದ್ದ ನೋಟಿಸಿನಲ್ಲಿ ಆರು ತಿಂಗಳ ಹಿಂದಿನ ತಾರೀಕು ಇತ್ತು, ಒಳಗೆ ಬರುವಾಗ ಅವರು ಅದನ್ನು ಓದಿದ್ದನ್ನು ನಾನು ನೋಡಿದ್ದೆ. ನಾನು ಎರಡನೇ ನಲ್ಲಿ ಬಿಚ್ಚತೊಡಗಿದೆ.

ಶೆಡ್ಡಿನಲ್ಲಿ ಮೂರು ದಿನ ತೊಳೆದೆವು. ಕೈ ವಿಷಯದಲ್ಲಿ ಮಾತ್ರ ಭಾವನನ್ನು ಮೀರಿಸುವವರಿಲ್ಲ. ಹಿತ್ತಾಳೆ ತಿರುಪುಗಳನ್ನೆಲ್ಲ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರು, ಹಳೇ ರಬ್ಬರ್ ವಾಷರುಗಳನ್ನು ಒಂದೂ ಉಳಿಸದೆ ಎಸೆದರು. ಕೊಳವೆಯೊಳಗೆ ಗಟ್ಟಿಯಾಗಿದ್ದ ಬಿಯರಿನ ಗಸಿ ಮೊಟ್ಟೆಯ ಚಿಪ್ಪಿನಂತೆ ಚೂರು ಚೂರಾಗಿ ಹೊರಬಂತು. ಕೊನೆಗೆ ಕಾಸ್ಟಿಕ್ ನಿಲ್ಲಿಸಿ, ನೀರು ಹಾಯಿಸಿ, ಅವರು ಕೈ ಒರೆಸಿಕೊಳ್ಳಲು ಆಚೆ ಹೋದಾಗ ನಾನು ಜೇಬಿನಲ್ಲಿ ಬಚ್ಚಿಟ್ಟಿದ್ದ ಕಾಗದದ ಪಟ್ಟಿಗಳನ್ನು ನಾಲ್ಕೂ ನಲ್ಲಿಯ ನೀರಿಗೆ ಅದ್ದಿದೆ. ಬಣ್ಣ ಬದಲಾಗಲಿಲ್ಲ. ಇನ್ನು ಮೇಲೆ ಕದ್ದು ಕಾಗದ ನೋಡಿಕೊಂಡರಾಯಿತು, ಅವರ ಮರ್ಯಾದೆಯೂ ಉಳಿಯುತ್ತದೆ ಎಂದುಕೊಂಡೆ. ಎಂಥ ಜಾಣ ನಾನು!

ಮರುದಿನ ಬೆಳಿಗ್ಗೆ ವ್ಯಾನಿನಲ್ಲಿ ಹೇರಿಕೊಂಡು ಹೋಗಿ ಕೂರಿಸಿದೆವು. ಕೊಂಡವರು ಹದಿನೈದು ವರ್ಷ ಕಂಡವರ ಅಡುಗೆಮನೆಯಲ್ಲಿ ದುಡಿದು, ಈಗ ಸ್ವಂತ ಬಾರು ತೆರೆಯುತ್ತಿದ್ದ ಹೆಂಗಸು. ಗೋಡೆಯ ಬಣ್ಣ ಇನ್ನೂ ಆರಿರಲಿಲ್ಲ. ಭಾವ ತೋಳು ಮಡಿಚಿ, ಸಾಲಾಗಿ ನಾಲ್ಕು ಲೋಟ ಇಡಿಸಿದರು. ಮೊದಲನೆಯದು ಕುಡಿದರು, ಎರಡನೆಯದು, ಮೂರನೆಯದು, ನಾಲ್ಕನೆಯದು. ಪ್ರತಿ ಸಲ ನೀರನ್ನು ಬಾಯಲ್ಲಿ ಆಡಿಸಿ ನುಂಗಿದರು.

“ಕೊಡಬಹುದು” ಎಂದರು.

ಮಾಲಕಿಗೆ ಲೋಟ ತುಂಬಿಸಿ ಕೊಡುವುದು ನನ್ನ ಕೆಲಸ. ಎರಡು ಲೋಟ ಕೊಟ್ಟೆ, ಕುಡಿದರು. ಮೂರನೇ ನಲ್ಲಿ ತಿರುಗಿಸಿದಾಗ ನೀರು ಸಿಡಿದು ಬೆರಳ ಮೇಲೆ ಬಿತ್ತು. ಲೋಟ ಅವರ ಕೈಗಿತ್ತ ಮೇಲೆ ಹೆಬ್ಬೆರಳಿಗೆ ತೋರುಬೆರಳು ತಾಗಿತು. ಸಾಬೂನಿನಂತೆ ಜಾರಿತು. ಕಾಸ್ಟಿಕ್! ಅವರು ಲೋಟವನ್ನು ತುಟಿಯವರೆಗೆ ಒಯ್ದಿದ್ದರು. ನಾನು ಅದನ್ನು ಕಿತ್ತುಕೊಂಡ ರಭಸಕ್ಕೆ ಅವರ ಸೀರೆಯೆಲ್ಲ ಒದ್ದೆಯಾಯಿತು.

“ಇದನ್ನ ಕುಡಿಬೇಡಿ. ತಪ್ಪು ನಂದು. ಮೂರನೇದು ನಾನು ಸರಿಯಾಗಿ ತೊಳೆದಿಲ್ಲ.”

ಮಾಲಕಿ ಸೀರೆ ಕೊಡವಿಕೊಂಡು ನನ್ನನ್ನೂ ಭಾವನನ್ನೂ ನೋಡಿದರು. “ಆದ್ರೆ ಇವರು ಈಗಷ್ಟೇ ಕುಡಿದು ಸರಿ ಇದೆ ಅಂದ್ರಲ್ಲಪ್ಪ.”

ಭಾವ ನಿಧಾನವಾಗಿ ಬಂದು ನನ್ನ ಕೈಯಲ್ಲಿದ್ದ ಲೋಟದಲ್ಲಿ ಬೆರಳದ್ದಿ ಉಜ್ಜಿ ನೋಡಿದರು. ಅವರ ಮುಖ ಇಳಿದುಹೋಯಿತು. ನಾನು ಬೇರೆಲ್ಲೋ ನೋಡುತ್ತಿದ್ದೆ. ನನಗೆ ಎಲ್ಲ ಗೊತ್ತಿತ್ತು ಎಂಬುದು ಅವರಿಗೆ ಅಷ್ಟರಲ್ಲೇ ತಿಳಿದಿರಬೇಕು.

“ಅವನು ತೊಳೆದಿದ್ದಾನಮ್ಮ” ಎಂದರು. “ಸುಳ್ಳು ಹೇಳಿದ್ದು ನಾನು. ಜ್ವರ ಬಂದ ಮೇಲೆ ನನ್ನ ನಾಲಿಗೆ ಕೆಲಸ ಮಾಡ್ತಿಲ್ಲ. ಸುಮ್ನೆ ಕುಡಿದು ಸುಮ್ನೆ ಹೇಳ್ತಾ ಇದ್ದೆ.”

ಮಾಲಕಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನಾದರೂ ತಿರುಗಿಸಿ ಬೈದು ಹಗುರವಾಗುತ್ತಿದ್ದೆ. “ಮೊದಲು ಅದನ್ನ ಸರಿ ಮಾಡಿ” ಎಂದಷ್ಟೇ ಹೇಳಿ ಕುರ್ಚಿ ಎಳೆದು ಕೂತರು.

ಪೆಟ್ಟಿಗೆ ಬಿಚ್ಚಿದೆವು. ಹಿಂದೆ ಯಾರೋ ಐದನೇ ನಲ್ಲಿ ಹಾಕಿಸಿ, ಆಮೇಲೆ ತೆಗೆಸಿ, ಮೂರನೇ ಕೊಳವೆಯಲ್ಲಿ ಅದರ ಗೇಣುದ್ದದ ಕವಲನ್ನು ಹಾಗೇ ಬಿಟ್ಟು ತುದಿಗೆ ಬಿರಡೆ ಜಡಿದಿದ್ದರು. ಸುರುಳಿಯ ಹಿಂದೆ ಅಡಗಿದ್ದರಿಂದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಹಾಯಿಸಿದ ನೀರೆಲ್ಲ ಪಕ್ಕದಿಂದ ಹಾದುಹೋಗಿತ್ತು, ಕಾಸ್ಟಿಕ್ ಆ ಕವಲಿನಲ್ಲೇ ಕೂತಿತ್ತು, ವ್ಯಾನಿನ ಕುಲುಕಾಟಕ್ಕೆ ಹೊರಗೆ ಬಂದಿತ್ತು. ನಾನು ನಂಬಿದ ಕಾಗದಕ್ಕೆ ಹಿಂದಿನ ದಿನ ಇದು ಸಿಗುವ ಹಾಗಿರಲಿಲ್ಲ. ಭಾವ ಕುಡಿದ ಲೋಟದಲ್ಲಿ ಗಂಟಲು ಸುಡುವಷ್ಟು ಇರಲಿಲ್ಲ, ಆದರೂ ಇಲ್ಲಿ, ಈ ಹೊತ್ತಿನಲ್ಲಿ ಕುಡಿದ ನಾಲಿಗೆಗೆ ಸಿಗಬೇಕಿತ್ತು. ಕವಲನ್ನು ಕತ್ತರಿಸಿ ತೆಗೆದು, ಎರಡು ತುದಿ ಸೇರಿಸಿ, ಎಂಟು ಬಕೆಟ್ ನೀರು ಹಾಯಿಸಿದೆವು.

ಕೊನೆಗೆ ಭಾವ ಮೂರನೇ ನಲ್ಲಿಯಿಂದ ಲೋಟ ತುಂಬಿ, ಅಭ್ಯಾಸಬಲದಿಂದ ಬಾಯಿಯ ಹತ್ತಿರ ಒಯ್ದು, ತಡೆದು, ನನ್ನ ಕಡೆ ಚಾಚಿದರು.

“ನೀನು ಕುಡಿ. ಇನ್ಮೇಲೆ ನೀನೇ.”

ಕುಡಿದೆ, ಬಾಯಲ್ಲಿ ಆಡಿಸಿದೆ, ನುಂಗಿದೆ. ಮಾಲಕಿ ಎದ್ದು ಬಂದು ನಿಂತಿದ್ದರು. ಕೊಡಬಹುದು ಎಂದೆ. ಅವರು ಅದೇ ನಲ್ಲಿಯ ನೀರು ಹಿಡಿದು ಕುಡಿದರು, ತಲೆಯಾಡಿಸಿದರು, ಸೀರೆ ಬದಲಾಯಿಸಲು ಒಳಗೆ ಹೋದರು.

ಭಾವ ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ತುಂಬುತ್ತಿದ್ದರು. ತಲೆ ಎತ್ತದೆ ಕೇಳಿದರು.

“ಹೇಗಿತ್ತು?”

“ಏನೂ ಇಲ್ಲ ಭಾವ. ಬರೀ ನೀರು.”

ಅವರು ಎದ್ದು ಅದೇ ನಲ್ಲಿಯಿಂದ ಅರ್ಧ ಲೋಟ ಹಿಡಿದು ಕುಡಿದರು. ಖಾಲಿ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು.

“ಆಗ ಕುಡಿದಿದ್ದೂ ಹೀಗೇ ಇತ್ತು ಕಣೋ” ಎಂದರು.